ಮೊದಲ ತುಂಡಿಗೆ ವಿಭೂತಿ

ನಾಗಸಂದ್ರ, ಬೆಂಗಳೂರು
12 ನವೆಂಬರ್ 2025

ಪ್ರೀತಿಯ ರಕ್ಷಿತಾ,

ಜುಲೈ 28ರಂದು, ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ಪೀಣ್ಯದ ನಮ್ಮ ಶೆಡ್ಡಿನಲ್ಲಿ ಇಪ್ಪತ್ತೆರಡು ಜನರ ಎದುರಿಗೆ ನಿನ್ನ ಸ್ವಂತ ತಂದೆ ನಿನ್ನನ್ನು ಸುಳ್ಳುಗಾತಿ ಎಂದ. ದೇಶದ ಬಗ್ಗೆ ಅಭಿಮಾನ ಇಲ್ಲದವಳು ಎಂದೂ ಅಂದ. ಎರಡೂ ತಪ್ಪು. ಇದನ್ನು ಮೊದಲು ಬರೆದುಬಿಟ್ಟು ಆಮೇಲೆ ಯೋಗಕ್ಷೇಮ ಕೇಳೋಣ ಎಂದುಕೊಂಡೆ.

ಹೇಗಿದ್ದೀ ಕೂಸೆ? ಮೂರೂವರೆ ತಿಂಗಳಾಯಿತು. ನಾಲ್ಕು ಸಲ ಪತ್ರ ಶುರು ಮಾಡಿ ಹರಿದುಹಾಕಿದ್ದೇನೆ. ಫೋನಿನಲ್ಲಿ ನೀನು 'ಊಟ ಆಯ್ತಾ ಅಜ್ಜಾ' ಎನ್ನುತ್ತೀ, ನಾನು 'ಆಯ್ತು' ಎನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ನಿನ್ನ ಅಜ್ಜಿಗೆ ಇದು ಸರಿಬಂದಿಲ್ಲ. ಮೊನ್ನೆ ರೊಟ್ಟಿ ತಟ್ಟುತ್ತಾ ಹೇಳಿದಳು, 'ಊರ ಮಂದಿಗೆಲ್ಲಾ ಪತ್ರ ಬರೀತೀರಿ. ಕೆರ್ಯಾಗ ನೊರಿ ಬಂದ್ರ ಬರೀತೀರಿ, ಬಸ್ಸು ನಿಲ್ಲಲಿಲ್ಲ ಅಂದ್ರ ಬರೀತೀರಿ. ಮನಿ ಕೂಸಿಗೊಂದು ಬರಿಯಾಕ ನಿಮ್ಮ ಕೈಗೇನಾಗೇತ್ರಿ?' ಮಹಾಂತಮ್ಮ ಕೇಳಿದ ಪ್ರಶ್ನೆಗೆ ಐವತ್ತು ವರ್ಷದಲ್ಲಿ ನಾನು ಒಮ್ಮೆಯೂ ಸರಿಯಾದ ಉತ್ತರ ಕೊಟ್ಟವನಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಈ ಶುಕ್ರವಾರ ನಿಮ್ಮಮ್ಮ ಮಾರತ್ತಹಳ್ಳಿಯ ನಿನ್ನ ಪಿಜಿಗೆ ಬರುವವಳಿದ್ದಾಳೆ, ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತೇನೆ. ಜೊತೆಗೆ ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇವೆ. ನಿನ್ನ ಪಿಜಿಯ ಹುಡುಗಿಯರಿಗೂ ಕೊಡು. ಅಲ್ಲಿ ಬೆಳಿಗ್ಗೆ ಸಂಜೆ ಅದೇ ನೀರು ಸಾರಂತೆ. ಮಹದೇವಪುರದ ಹೊಸ ಕೆಲಸದಲ್ಲಿ ರೋಗಿಗಳಿಗೆ ಉಸಿರು ಕೊಡುವ ಯಂತ್ರಗಳನ್ನು ಪರೀಕ್ಷೆ ಮಾಡುತ್ತೀ ಎಂದು ಕೇಳಿ ಸಂತೋಷವಾಯಿತು. ಅವು ಎಲ್ಲಿಗೆ ಹೋಗುತ್ತವೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ನೋಡು.

ಶೆಡ್ಡಿನ ಸುದ್ದಿ ಹೇಳುತ್ತೇನೆ. ಬಸವಣ್ಣನ ಪಟದ ಕೆಳಗಿನ ಹಲಗೆಯನ್ನು ಹೋದ ವಾರ ನಾನೇ ಒರೆಸಿದೆ. ಮೂವತ್ತೇಳು ತುಂಡುಗಳಿವೆ. 1984ರಲ್ಲಿ ಲೋಹ ಕಡೆಯುವ ಒಂದು ಹಳೆಯ ಲೇತ್ ಇಟ್ಟುಕೊಂಡು ಶುರು ಮಾಡಿದಾಗಿನಿಂದ, ಯಾವ ಹೊಸ ಕೆಲಸ ಬಂದರೂ ಅಳತೆಗೆ ಸರಿಬಂದ ಮೊದಲ ತುಂಡು ಅಲ್ಲಿಗೇ ಹೋಗುತ್ತದೆ. ಯಾರು ಅಳತೆ ನೋಡಿ ಪಾಸು ಮಾಡುತ್ತಾರೋ ಅವರೇ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆಯಬೇಕು, ಎಳೆಯುತ್ತಾ ಅದು ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಈ ಪದ್ಧತಿ ಪೀಣ್ಯದಲ್ಲಿ ಬೇರೆ ಯಾವ ಶೆಡ್ಡಿನಲ್ಲೂ ಇಲ್ಲ. ಬೇರೆಯವರು ಕಾಯಿ ಒಡೆದು ಸುಮ್ಮನಾಗುತ್ತಾರೆ. ನೀನು ಚಿಕ್ಕವಳಿದ್ದಾಗ ಸ್ಟೂಲಿನ ಮೇಲೆ ನಿಂತು ಒಂದೊಂದನ್ನೇ ಮುಟ್ಟಿ ಪಾಠ ಒಪ್ಪಿಸುತ್ತಿದ್ದೆ. ಇದು ಹಾಲಿನ ಡೈರಿಗೆ, ಇದು ಆಸ್ಪತ್ರೆ ಮಂಚಕ್ಕೆ, ಇದು ಹೊಲಿಗೆ ಮೆಷಿನ್ನಿಗೆ, ಇದು ಲಿಫ್ಟಿಗೆ. ಒಂದು ತಪ್ಪಿದರೂ ಮೊದಲಿಂದ ಶುರು ಮಾಡುತ್ತಿದ್ದೆ.

ಅಂಥ ಹುಡುಗಿ ಅವತ್ತು ಏನು ತಪ್ಪು ಮಾಡಿದಳು? ಡಿಗ್ರಿ ಮುಗಿಸಿ ಬಂದು ಎರಡು ತಿಂಗಳಿಂದ ನಮ್ಮಲ್ಲೇ ಅಳತೆ ನೋಡುತ್ತಿದ್ದ ನೀನು, ಹೊಸ ಗಿರಾಕಿಯ ಮೊದಲ ತುಂಡನ್ನು ಮೂರು ಸಲ ಅಳೆದು ಮೇಜಿನ ಮೇಲಿಟ್ಟೆ. 'ಅಳತೆ ಸರಿ ಇದೆ, ಸಹಿ ಹಾಕಿದ್ದೀನಿ. ಇದು ಎಲ್ಲಿಗೆ ಹೋಗುತ್ತೆ ಅಪ್ಪಾ?' ಎಂದೆ. ಡ್ರಾಯಿಂಗಿನಲ್ಲಿ ಹೆಸರೇ ಇರಲಿಲ್ಲ, ಬರೀ ಒಂದು ನಂಬರು.

ನಿಮ್ಮಪ್ಪ ವೀರೇಶ, 'ಯಾವುದೋ ಫಿಟ್ಟಿಂಗು. ಹಚ್ಚು ಬೇಗ, ಹೊತ್ತಾಯ್ತು' ಎಂದ.

'ಆಕಾರ ನೋಡಿದ್ರೆ ಇದು ಫಿರಂಗಿ ಗುಂಡಿನ ಮೂತಿಗೆ ಕೂರೋದು ಅನ್ಸುತ್ತೆ. ಹೌದಾ ಅಲ್ವಾ ಹೇಳಿ. ಯಾವ ದೇಶಕ್ಕೆ ಹೋಗುತ್ತೆ ಅಂತಾನೂ ಹೇಳಿ. ಗೊತ್ತಾಗೋವರೆಗೂ ವಿಭೂತಿ ಹಚ್ಚಲ್ಲ.'

ನೀನು ನನ್ನ ಕಡೆ ತಿರುಗಿದೆ. 'ಅಜ್ಜಾ, ನಿಂಗಾದ್ರೂ ಗೊತ್ತಾ?' ನಾನು 'ಗೊತ್ತಿಲ್ಲ ಕೂಸೆ' ಎಂದೆ. ಅದು ಸಾಕಾಯಿತು ನಿಮ್ಮಪ್ಪನಿಗೆ. 'ಐವತ್ತು ವರ್ಷ ಲೇತ್ ಮುಂದೆ ನಿಂತ ಅಜ್ಜನಿಗೇ ಗೊತ್ತಿಲ್ಲ, ನಿನಗೆ ಗೊತ್ತಾಗ್ಬಿಡ್ತಾ? ಸುಳ್ಳುಗಾತಿ. ಗಡೀಲಿ ಹುಡುಗರು ಸಾಯ್ತಿದಾರೆ, ಇಲ್ಲಿ ನಿಂದು ಭಾಷಣ. ದೇಶದ ಅಭಿಮಾನಾನೇ ಇಲ್ಲ ನಿನಗೆ. ನಡಿ ಆಚೆ.' ನೀನು ಅಳತೆಯ ವರ್ನಿಯರನ್ನು ಒರೆಸಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಹೋದೆ. ಆ ಡಬ್ಬಿ ಇನ್ನೂ ಅದೇ ಜಾಗದಲ್ಲಿದೆ. ಯಾರೂ ಮುಟ್ಟಿಲ್ಲ. ನೀನು ಹೋದ ಮೇಲೆ ವಿಭೂತಿ ಹಚ್ಚಿದವನು ನಾನು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ, ಏನೂ ಹೇಳದೆ ಹಚ್ಚಿದೆ.

ಗಡಿಯ ಹುಡುಗರ ಬಗ್ಗೆ ನಿನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹಾಸ್ಟೆಲಿನಿಂದ ಫೋನು ಮಾಡಿ ನೀನು ಹೇಳಿದ್ದು ನನಗೆ ಮಾತು ಮಾತಾಗಿ ನೆನಪಿದೆ. ದಾಳಿಯ ಸುದ್ದಿಗೆ ಟೀವಿ ರೂಮಿನಲ್ಲಿ ಎಲ್ಲರೂ ಕೈ ತಟ್ಟುತ್ತಿದ್ದರು, ನೀನೂ ತಟ್ಟಿದೆ. ಮೇಲೆ ಬಂದು ನೋಡಿದರೆ ನಿನ್ನ ರೂಮಿನ, ಗಡಿಯ ಪೂಂಚ್ ಕಡೆಯ ಆ ಹುಡುಗಿ ಮಂಚದ ಮೇಲೆ ಕೂತು ಒಂದೇ ನಂಬರು ಒತ್ತುತ್ತಿದ್ದಳು. ಅವಳ ತಾಯಿ ಫೋನಿಗೆ ಸಿಕ್ಕಿದ್ದು ಒಂದೂವರೆ ದಿನದ ಮೇಲೆ. 'ಅಜ್ಜಾ, ಅವಳ ಊರು ನಮ್ಮ ದೇಶದ ಒಳಗೇ ಇದೆ' ಎಂದೆ ನೀನು. 'ಸೈನಿಕನ ಕೈಯಲ್ಲಿ ಬಂದೂಕು ಬೇಡ ಅಂತ ನಾನು ಹೇಳಲ್ಲ. ಮನೆಗೆ ನುಗ್ಗಿದವನನ್ನ ತಡೀಬೇಕು, ಸರಿ. ಆದ್ರೆ ನಾವು ಕ್ರಿಕೆಟ್ ನೋಡೋ ಹಾಗೆ ನೋಡ್ತೀವಲ್ಲ, ಅದು ತಪ್ಪು. ಶಾಂತಿ ಅಂದ್ರೆ ಹೆದರಿಕೊಂಡು ಸುಮ್ಮನಿರೋದು ಅಲ್ಲ ಅಜ್ಜಾ. ಗುಂಡು ಎಲ್ಲಿ ಬೀಳುತ್ತೆ ಅಂತ ಪ್ರತಿ ಸಲವೂ ಕೇಳೋದು. ಕೇಳೋರು ಜಾಸ್ತಿ ಆದಷ್ಟೂ ಹಾರಿಸೋದು ಕಷ್ಟ ಆಗುತ್ತೆ.'

ನನಗೆ ಎಪ್ಪತ್ಮೂರು. ಅರವತ್ತೆರಡರ ಯುದ್ಧದಲ್ಲಿ ರಾಣೇಬೆನ್ನೂರಿನ ಶಾಲೆಯ ಮೈದಾನದಲ್ಲಿ ನಮ್ಮವ್ವ ಕೊರಳಿನ ಚಿನ್ನದ ಬೋರಮಾಳ ಬಿಚ್ಚಿ ದೇಶದ ನಿಧಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದವನು. ಅರವತ್ತೈದರಲ್ಲಿ ಮೆರವಣಿಗೆಯಲ್ಲಿ ಕೂಗಿದವನು. ಎಪ್ಪತ್ತೊಂದರಲ್ಲಿ ಹತ್ತೊಂಬತ್ತರ ಹುಡುಗನಾಗಿ ಸರ್ಕಾರಿ ಕಾರ್ಖಾನೆಯಲ್ಲಿ ಕೈಗೆ ಬೊಬ್ಬೆ ಬರುವವರೆಗೆ ದುಡಿದವನು. ತೊಂಬತ್ತೊಂಬತ್ತರಲ್ಲಿ ಪೀಣ್ಯದ ಅಂಗಡಿ ಅಂಗಡಿಗೆ ಹೋಗಿ ಗಡಿಯ ಹುಡುಗರಿಗಾಗಿ ಕಂಬಳಿ ಸಂಗ್ರಹಿಸಿದವನು. ಇಷ್ಟೆಲ್ಲ ಮಾಡಿದವನಿಗೆ, ಇಷ್ಟೆಲ್ಲ ಕಂಡವನಿಗೆ, ನಿನ್ನಂತೆ ಒಂದು ಸಾಲಿನಲ್ಲಿ ಹೇಳಲು ಆಗಿರಲಿಲ್ಲ.

ಆದ್ದರಿಂದ ನಿಮ್ಮಪ್ಪನನ್ನು ನಾನು ಸುಮ್ಮನೆ ಬಿಟ್ಟಿಲ್ಲ. ಹೋದ ಭಾನುವಾರ ತಿಂಡಿ ತಿನ್ನುವಾಗ ಕೂರಿಸಿಕೊಂಡು ಕೇಳಿದೆ. ಮೊದಲು ಗೊಣಗಿದ. ಆಮೇಲೆ ತಟ್ಟೆ ಸರಿಸಿ, 'ಹೌದು, ಗುಂಡಿನ ಮೂತಿಗೆ ಕೂರೋದೇ. ಹೊರದೇಶಕ್ಕೆ ಹೋಗುತ್ತೆ, ಯಾವ ದೇಶ ಅಂತ ನಮಗೂ ಹೇಳಿಲ್ಲ. ಈಗೇನು? ಅವಳು ಹೇಳಿದ್ದೇ ಸರಿ' ಎಂದ.

'ಹಂಗಾದ್ರ ಆ ಇಪ್ಪತ್ತೆರಡು ಮಂದಿ ಮುಂದನ ಹೇಳು, ನನ್ನ ಮಗಳು ಸುಳ್ಳು ಹೇಳಲಿಲ್ಲ ಅಂತ' ಎಂದೆ.

ಅವನು ನನ್ನನ್ನೇ ನೋಡಿದ. 'ಮೊದಲು ನೀವು ಹೇಳಿ ಅಪ್ಪಾಜಿ. ಆಮೇಲೆ ನಾನು ಹೇಳ್ತೀನಿ' ಎಂದು ಕೈ ತೊಳೆಯಲು ಎದ್ದುಹೋದ.

ಅವನು ಕೆಟ್ಟವನಲ್ಲ ರಕ್ಷಿತಾ. ಹೋದ ವರ್ಷವೆಲ್ಲ ಕೆಲಸವಿಲ್ಲದೆ ಮೂರು ಯಂತ್ರಗಳಿಗೆ ಬಟ್ಟೆ ಹೊದಿಸಿ ನಿಲ್ಲಿಸಿದ್ದು ನಿನಗೆ ಗೊತ್ತು. ನೀನು ಹೋದ ಮೇಲೆ ಅವನ ಮಾತು ಕಡಿಮೆಯಾಗಿದೆ. ದಿನಾ ಬೆಳಿಗ್ಗೆ ನಿನ್ನ ಮೇಜಿನ ಧೂಳು ಹೊಡೆಯುತ್ತಾನೆ, ಡಬ್ಬಿಯನ್ನು ಮಾತ್ರ ಎತ್ತುವುದಿಲ್ಲ.

ಇನ್ನು ನಮ್ಮ ಬೈರಪ್ಪ. ಮೂವತ್ತು ವರ್ಷದಿಂದ ಮೊದಲ ಲೇತ್ ಬಿಟ್ಟು ಕದಲದ ಮನುಷ್ಯ, ಪೂಜೆಯ ದಿನ ಎಲ್ಲರಿಗಿಂತ ಮುಂದೆ ನಿಲ್ಲುವವನು. ಮೊನ್ನೆ ಟೀ ಕುಡಿಯುತ್ತಾ ತಾನಾಗಿಯೇ ಹೇಳಿದ, 'ಆ ಮಗಾ ಕೇಳಿದ್ರಾಗೆ ತಪ್ಪೇನೈತೆ ಯಜಮಾನ್ರೇ? ನಂಗೂ ಅಂಗೇ ಅನ್ಸಿತ್ತು. ಬಾಯಿ ಬರ್ಲಿಲ್ಲ ಅಷ್ಟೇಯ.' ತನ್ನ ಟೀ ಮುಗಿಸಿ, 'ನೀವು ಸುಮ್ಕೆ ಕುಂತಿದ್ರಲ್ಲಾ, ಅದ್ಕೇ ನಾವೂ ಸುಮ್ಕಾದ್ವಿ' ಎಂದ. ಟೀ ಗ್ಲಾಸನ್ನು ನನ್ನ ಕೈಯಿಂದ ಇಸಿದುಕೊಂಡು ತೊಳೆಯಲು ಹೋದ. ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ.

ನಿನಗೆ ನೆನಪಿದೆಯೇ, ಪತ್ರಿಕೆಗಳಿಗೆ ನಾನು ಬರೆದ ಪತ್ರಗಳ ಫೈಲನ್ನು ನೀನು ತೆಗೆದು ಕೊನೆಯ ಸಾಲನ್ನು ಮಾತ್ರ ಓದುತ್ತಿದ್ದೆ. 'ಸಂಬಂಧಪಟ್ಟವರು ಬಹಿರಂಗವಾಗಿ ಉತ್ತರಿಸಲಿ.' ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೂ ಅಜ್ಜಿಯ ಮುಂದೆ ನಿಂತು ಅದನ್ನೇ ಹೇಳುತ್ತಿದ್ದೆ. ಅಜ್ಜಿ ಸೌಟು ಹಿಡಿದು ಓಡಿಸುತ್ತಿದ್ದಳು. ನಲವತ್ತು ವರ್ಷ ನಾನು ಬರೆದಿದ್ದರಲ್ಲಿ ಉಳಿದದ್ದು ಆ ಒಂದು ಸಾಲು ಎಂದು ಕಾಣುತ್ತದೆ, ಅದೂ ನಿನ್ನ ಬಾಯಲ್ಲಿ.

ಬರುವ ಸೋಮವಾರ ಕಾರ್ತಿಕದ ಕಡೆಯ ಸೋಮವಾರ. ಶೆಡ್ಡಿನಲ್ಲಿ ದೀಪ ಹಚ್ಚುತ್ತಾರೆ, ಎಲ್ಲರೂ ಇರುತ್ತಾರೆ. ಒಂದು ದಿನ ರಜೆ ಹಾಕಿ ಬಾ ಎಂದು ಕೇಳುತ್ತಿದ್ದೇನೆ. ಬಲವಂತ ಮಾಡುವುದಿಲ್ಲ.

ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡ. ತಲೆಗೆ ಎಣ್ಣೆ ಹಚ್ಚಿಕೋ, ಇದು ಅಜ್ಜಿಯ ಮಾತು. ನಿನ್ನ ಬೆನ್ನು ಯಾವತ್ತೂ ಹೀಗೇ ನೆಟ್ಟಗಿರಲಿ, ಕೇಳಬೇಕಾದ್ದನ್ನು ಕೇಳುವ ಬಾಯಿ ನಿನಗೆ ಕಡೆಯವರೆಗೂ ಇರಲಿ. ಇದು ನನ್ನ ಆಶೀರ್ವಾದ.

ನಿನ್ನ ಅಜ್ಜ,
ಮುರಿಗೆಪ್ಪ

ಮತ್ತೆ ಬರೆದದ್ದು: ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಲಕೋಟೆ ಅಂಟಿಸಿದ್ದೆ, ಬಿಚ್ಚಿದ್ದೇನೆ.

ಹಲಗೆಯ ಎಡತುದಿಯಲ್ಲಿರುವ ಹಿತ್ತಾಳೆ ತುಂಡು ನಿನಗೆ ಗೊತ್ತು. ಏಳು ವರ್ಷದವಳಿಗೆ ನಾನು ವರ್ನಿಯರ್ ಹಿಡಿಯಲು ಕಲಿಸಿದ್ದು ಅದರ ಮೇಲೆ. 'ಇದು ಎಲ್ಲಿಗೆ ಹೋಗುತ್ತೆ ಅಜ್ಜಾ?' ಎಂದು ಕೇಳಿದಾಗ 'ತೋಟದ ಪಂಪಿಗೆ' ಎಂದಿದ್ದೆ. ಅದು ಪಂಪಿನದಲ್ಲ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಆ ಸರ್ಕಾರಿ ಕಾರ್ಖಾನೆಯಲ್ಲಿ ಗುಂಡಿನ ಮೂತಿಗೆಂದು ನಾನು ಕಡೆದ ಮೊದಲ ತುಂಡು, ಅಳತೆ ತಪ್ಪಿ ತಿರಸ್ಕೃತವಾಗಿತ್ತು, ಜೇಬಿನಲ್ಲಿಟ್ಟುಕೊಂಡು ಬಂದೆ. ಆಮೇಲೆ ಅಂಥವು ಸಾವಿರಾರು ಕಡೆದೆ. ಎಲ್ಲಿ ಬೀಳುತ್ತವೆ ಎಂದು ಫೋರ್ಮನ್ನನ್ನು ಕೇಳಿದೆ. 'ಲೇತ್ ನೋಡು' ಎಂದರು, ನೋಡಿದೆ. ನನ್ನ ಶೆಡ್ಡಿನಲ್ಲಿ ಹಾಗಾಗಬಾರದೆಂದೇ ಎಲ್ಲಿಗೆ ಹೋಗುತ್ತದೆಂದು ಹೇಳಿ ವಿಭೂತಿ ಹಚ್ಚುವ ಪದ್ಧತಿ ಮಾಡಿದೆ. ಮಾಡಿದ ನಾನೇ ಮೊದಲ ತುಂಡಿನ ಬಗ್ಗೆಯೇ ಸುಳ್ಳು ಹೇಳಿದೆ.

ಜೂನ್‌ನಲ್ಲಿ ವೀರೇಶ ಆ ಹೊಸ ಡ್ರಾಯಿಂಗನ್ನು ಮನೆಗೆ ತಂದು ನನ್ನ ಮುಂದೆ ಹರಡಿದ. ಲೋಹ ಬೇರೆ, ಆಕಾರ ಅದೇ. ನೋಡಿದ ತಕ್ಷಣ ಗೊತ್ತಾಯಿತು. ಅದೇನೆಂದು ಅವನಿಗೆ ಹೇಳಿದವನು ನಾನು. 'ತಗೋ, ಯಂತ್ರ ಖಾಲಿ ನಿಂತಾವ. ರಕ್ಷಿತಾಗ ಮಾತ್ರ ಹೇಳಬ್ಯಾಡ' ಎಂದವನೂ ನಾನೇ. ಜುಲೈ 28ರಂದು ನೀನು ನನ್ನ ಕಡೆ ತಿರುಗಿ ಕೇಳಿದಾಗ ನನಗೆ ಗೊತ್ತಿತ್ತು. ನಿಮ್ಮಪ್ಪ ನಿನ್ನನ್ನು ಸುಳ್ಳುಗಾತಿ ಎಂದದ್ದು ನನ್ನ ಸುಳ್ಳಿನ ಮೇಲೆ ನಿಂತು.

ಈ ಪತ್ರದ ಒಂದು ಪ್ರತಿಯನ್ನು ಶೆಡ್ಡಿನ ನೋಟಿಸ್ ಬೋರ್ಡಿಗೆ ಅಂಟಿಸಲು ಬೈರಪ್ಪನ ಕೈಗೆ ಕೊಟ್ಟಿದ್ದೇನೆ. ನಾನು ಹಿಂದೆ ಸರಿಯಬಾರದು, ಅದಕ್ಕೆ. ಸೋಮವಾರ ಬಾ. ವಿಭೂತಿ ಹಚ್ಚಲು ಅಲ್ಲ. ಅದೇ ಜಾಗದಲ್ಲಿ, ಅದೇ ಇಪ್ಪತ್ತೆರಡು ಜನರ ಮುಂದೆ ನಿಂತು ಅದೇ ಪ್ರಶ್ನೆಯನ್ನು ನನಗೆ ಇನ್ನೊಮ್ಮೆ ಕೇಳು. ಕನಿಕರ ಪಡಬೇಡ, ಅಜ್ಜನಿಗೆ ವಯಸ್ಸಾಯಿತು ಎಂದು ಬಿಟ್ಟುಬಿಡಬೇಡ. ಸಂಬಂಧಪಟ್ಟವನು ಕುರ್ಚಿ ಬಿಟ್ಟು ಎದ್ದು ನಿಂತು, ಬಹಿರಂಗವಾಗಿ ಉತ್ತರಿಸಲಿ.