ಸಿಂಪಲ್ ಮದುವೆ

ಯಲಬುರ್ಗಾ, ಸೋಮವಾರ

ನವಲಿಯ ಅತ್ತೆ ಕಸ್ತೂರೆಮ್ಮನವರಿಗೆ, ಮದುವೆಗೆ ಮೊದಲೇ ಅತ್ತೆ ಎಂದು ಬರೆಯುತ್ತಿರುವ ದಾಕ್ಷಾಯಣಿಯ ನಮಸ್ಕಾರಗಳು.

ನಿಶ್ಚಯದ ದಿನ ನೀವು ಚಹಾ ಕುಡಿದು, "ಮದುವಿ ಸಿಂಪಲ್ ಆಗಿ ಮಾಡಿಕೊಡ್ರಿ" ಎಂದು ಹೇಳಿ ಹೋದಿರಿ. ಅದರ ಅರ್ಥ ಹುಡುಕುತ್ತ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಅಪ್ಪನ ಪ್ರಕಾರ ಸಿಂಪಲ್ ಎಂದರೆ ಕರೆಯುವುದು ಒಂದೇ ಊರನ್ನು, ಆದರೆ ಇಡೀ ಊರನ್ನು. ಅವರ ತಂಗಿ ಶಿವಲಿಂಗಮ್ಮ ಅಷ್ಟಕ್ಕೆ ಒಪ್ಪಲಿಲ್ಲ. "ದೊಡ್ಡ ಮಂದಿ ಬಾಯಿ ಬಿಟ್ಟು ಕೇಳ್ತಾರೇನಣ್ಣಾ? ಸಿಂಪಲ್ ಅಂತ ಅಂದು ನಮ್ಮ ಮರ್ಯಾದಿ ನೋಡಾಕತ್ತಾರ. ಬ್ಯಾಂಡು ಒಂದಲ್ಲ, ಎರಡು ಹೇಳು!" ಎಂದಳು.

"ಅವರನ್ನೇ ಕೇಳಿಬಿಡೂಣಲ್ಲ?" ಎಂದೆ.

"ಬೀಗರನ್ನ ಹಂಗ ಕೇಳಬಾರದು, ಹುಚ್ಚಿ" ಎಂದು ಅಪ್ಪ ನನ್ನ ಬಾಯಿ ಮುಚ್ಚಿಸಿದರು.

ಈಗ ಗೋದಿಹುಗ್ಗಿಯ ಜೊತೆಗೆ ಮತ್ತೆರಡು ಸಿಹಿ ಸೇರಿವೆ. ಇಷ್ಟು ದೊಡ್ಡ ಸಿಂಪಲ್ಲಿಗೆ ಈ ವರ್ಷ ತಯಾರಿ ಆಗದೆಂದು ಮದುವೆಯನ್ನೇ ಮುಂದಿನ ವರ್ಷಕ್ಕೆ ತಳ್ಳುವ ಮಾತು ನಡೆದಿದೆ.

ಆದ್ದರಿಂದ ಒಂದು ವಿನಂತಿ. ಭಾನುವಾರ ಬಸ್ಸು ಹತ್ತಿ ಬನ್ನಿ. ಎಷ್ಟು ಜನ, ಏನು ಊಟ ಎಂಬುದನ್ನು ಅಪ್ಪನೆದುರು ಅಚ್ಚ ಕನ್ನಡದಲ್ಲಿ ಹೇಳಿ. ನಾನು ಹೀಗೆ ಕಾಗದ ಬರೆದೆನೆಂಬುದನ್ನು ಮಾತ್ರ ಯಾರಿಗೂ ಹೇಳಬೇಡಿ. ನಿಮ್ಮ ಮಗ ಮಾಂತೇಶ ಅವರೇ ನಿಮಗೆ ತಿಳಿಸಬಹುದಿತ್ತು, ಆದರೆ ತಾಯಿಯೆದುರು ಮದುವೆಯ ಮಾತೆತ್ತಲು ಅವರಿಗೆ ನಾಚಿಕೆಯಂತೆ.

ನನಗೇನೂ ಅವಸರವಿಲ್ಲ. ಅವರಿಗೂ ಇಲ್ಲವಂತೆ. ದಿನಾ ಫೋನು ಮಾಡಿ ಇಬ್ಬರೂ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಳ್ಳುತ್ತೇವೆ.

ಈ ವರ್ಷವೇ ನಿಮ್ಮ ಸೊಸೆಯಾಗಬೇಕಾದ,
ದಾಕ್ಷಾಯಣಿ