ಗಂಟೆಗೆ ಕಿವಿಗೊಡದ ಅಪರಾಧ

ಕಾರ್ಖಾನೆಗಳ ಸುರಕ್ಷತೆಯ ಭಾರ ಹೊತ್ತ ಮಾನ್ಯ ಅಧಿಕಾರಿಗಳೇ,

ಹುಟ್ಟಿನಿಂದ ಕಿವಿ ಕೇಳಿಸದ ನನ್ನ ತಂಗಿಯನ್ನು ‘ಅಪಾಯದ ಗಂಟೆಗೆ ಕಿವಿಗೊಡಲಿಲ್ಲ’ ಎಂಬ ಆರೋಪದ ಮೇಲೆ ಕೆಲಸದಿಂದ ಅಮಾನತು ಮಾಡಲಾಗಿದೆ. ಆದೇಶಕ್ಕೆ ತಾವೂ ಸಹಿ ಹಾಕಿದ್ದೀರಿ. ಅಭಿನಂದನೆಗಳು. ಇನ್ನು ಕುಂಟುವವರಿಗೆ ಓಡಲಿಲ್ಲವೆಂದು ಯಾವಾಗ ನೋಟಿಸು?

ನಾವಿಬ್ಬರೂ ಔಷಧಿ ಬಾಟಲಿ ತಯಾರಿಸುವ ಕಾರ್ಖಾನೆಯಲ್ಲಿದ್ದೇವೆ. ನಾನು ಪ್ಯಾಕಿಂಗ್, ಅವಳು ತಪಾಸಣೆ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೆಕ್ಕಿ ತೆಗೆಯುತ್ತಾಳೆ; ಅವಳ ಕಣ್ಣು ತಪ್ಪಿಸುವ ಬಾಟಲಿ ಇನ್ನೂ ಹುಟ್ಟಿಲ್ಲವೆಂದು ಮೇಸ್ತ್ರಿಯೇ ಹೇಳುವುದುಂಟು. ಅಂಥವಳು ಎರಡು ವರ್ಷದ ಹಿಂದೆ ಕೇಳಿದ್ದು ಒಂದೇ: ಗಂಟೆ ಹೊಡೆದಾಗ ತನ್ನ ಮೇಜಿನೆದುರು ಹೊತ್ತಿಕೊಳ್ಳುವ ಒಂದು ಕೆಂಪು ದೀಪ.

ಮ್ಯಾನೇಜರರು ನಕ್ಕರು. “ಗಂಟೆ ಇದೆಯಲ್ಲಮ್ಮ, ಮೂರು ಬೀದಿಗೆ ಕೇಳುತ್ತೆ!”

ಅರ್ಜಿ ತಮಗೆ ಬಂತು. ‘ಗಂಟೆ ಸುಸ್ಥಿತಿಯಲ್ಲಿದೆ’ ಎಂದು ಉತ್ತರಿಸಿದಿರಿ. ಗಂಟೆಯ ಆರೋಗ್ಯ ವಿಚಾರಿಸಿದವರು ಯಾರು ಸ್ವಾಮಿ?

ಕಳೆದ ತಿಂಗಳು ರಟ್ಟಿನ ಗೋದಾಮಿಗೆ ಬೆಂಕಿ ಬಿತ್ತು. ಗಂಟೆ ಬಡಿದುಕೊಂಡಿತು. ಎದ್ದೆವೋ ಬಿದ್ದೆವೋ ಎಂದು ಎಲ್ಲರೂ ಹೊರಗೋಡಿದೆವು. ಹೌದು, ನಾನೂ. ಅಂಗಳದಲ್ಲಿ, ಕಾರ್ಖಾನೆಯ ನೆಲ ಒರೆಸುವ, ನಾವೆಲ್ಲ ದೊಡ್ಡಮ್ಮನೆಂದು ಕರೆಯುವ ಹೆಂಗಸು, “ನಿನ್ನ ತಂಗಿ ಎಲ್ಲೇ?” ಎಂದಾಗಲೇ ನನಗೆ ಅವಳ ನೆನಪಾದದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಒಳನುಗ್ಗಿದ್ದಳು. ಕುಲುಮೆಯ ಪಕ್ಕದಲ್ಲಿ ದುಡಿಯುವವರಿಗೆ ಸುಟ್ಟ ವಾಸನೆ ಹೊಸದಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ತಂಗಿ, ಬಾಟಲಿಗಳು ಯಾಕೋ ಮಸುಕಾಗಿವೆಯೆಂದು ಒರೆಸಿ ಒರೆಸಿ ನೋಡುತ್ತಿದ್ದಳಂತೆ! ಅವಳನ್ನು ಎಳೆದು ತಂದ ದೊಡ್ಡಮ್ಮನ ಎಡಗೈ ಇಂದಿಗೂ ಬ್ಯಾಂಡೇಜಿನಲ್ಲಿದೆ.

ವಿಚಾರಣೆಯ ದಿನ ಗುಮಾಸ್ತರು ಗಂಟಲು ಹರಿಯುವಂತೆ ಕೂಗಿದರು: “ಗಂಟೆ ಹೊಡೆದ್ರೂ ಯಾಕೆ ಬರಲಿಲ್ಲ?” ನಾನು ಕೈಸನ್ನೆಯಲ್ಲಿ ತಿಳಿಸಿದೆ. ಅವಳು ಚೀಟಿಯಲ್ಲಿ ಬರೆದು, ಓದೆಂದು ನನ್ನ ಕೈಗೇ ಕೊಟ್ಟಳು: “ಓಡುವಾಗ ಒಬ್ಬರಾದರೂ ನನ್ನ ಹೆಗಲು ಮುಟ್ಟಬಹುದಿತ್ತು.”

ಎಲ್ಲರಿಗೂ ಕೇಳುವಂತೆ ಓದಿದೆ. ಗುಮಾಸ್ತರು ಮಾತ್ರ ಮುತ್ತಿನಂಥ ಅಕ್ಷರಗಳಲ್ಲಿ ದಾಖಲಿಸಿದರು: ‘ಸಹೋದ್ಯೋಗಿಗಳನ್ನು ದೂಷಿಸುತ್ತಾಳೆ.’

ತಮ್ಮನ್ನು ಕಿವುಡರೆಂದು ಜರೆಯಲಾರೆ. ಅದು ನನ್ನ ತಂಗಿಗೆ ಮಾಡುವ ಅವಮಾನ. ನನ್ನ ಪಾಲಿನ ತಪ್ಪನ್ನು ಅವಳೆದುರು ಒಪ್ಪಿಕೊಂಡಿದ್ದೇನೆ. ತಮ್ಮ ಪಾಲಿನದು ಬಾಕಿಯಿದೆ. ಅಮಾನತು ರದ್ದುಮಾಡಿ, ದೀಪ ಹಾಕಿಸಿ, ಅಪಾಯ ಬಂದಾಗ ಅವಳನ್ನು ಕರೆತರುವ ಹೊಣೆಯನ್ನು ಒಬ್ಬರಿಗೆ ಲಿಖಿತವಾಗಿ ವಹಿಸಿ. ಆ ಹೆಸರಿನ ಜಾಗದಲ್ಲಿ ನನ್ನದನ್ನೇ ಬರೆಯಿರಿ.

ಇಂತಿ,
ಗಂಟೆ ಚೆನ್ನಾಗಿ ಕೇಳಿಸಿದ್ದರಿಂದ ಬಿಟ್ಟು ಓಡಿದ ಅಕ್ಕ