ಹೆಂಡತಿಯ ಹಗಲು ನಿದ್ದೆಗೆ ಗಂಡನ ಚಿಕಿತ್ಸೆ ದಂಡ

ನಮ್ಮೂರ ವೈದ್ಯಶಾಲೆಯ ಮಾನ್ಯ ಮುಖ್ಯ ವೈದ್ಯರೇ,

ಹಗಲಿನಲ್ಲಿ ನಿದ್ದೆ ಹೋದಳೆಂಬ ಅಪರಾಧಕ್ಕೆ ನನ್ನ ತಂಗಿ ಸುಭದ್ರೆಯನ್ನೂ, ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿರುವ ಅವಳ ಗಂಡನನ್ನೂ ಎಣ್ಣೆ ಚಿಕಿತ್ಸೆಯ ನಟ್ಟನಡುವೆ ಹೊರಗೆ ಹಾಕಿದಿರಿ. ನಿಮ್ಮ ಕೋಣೆಗೆ ಬಂದು ಹೇಳಿದ್ದನ್ನು ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಚಿಕಿತ್ಸೆಯಲ್ಲಿರುವವರು ಹಗಲು ಮಲಗಬಾರದು, ಕಫ ಕೆರಳುತ್ತದೆ. ಭಾರತಪ್ಪುಳೆ ಹೊಳೆಯ ಈ ದಂಡೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಊಟವಾದ ಮೇಲೆ ರೋಗಿಗಳನ್ನು ಜಗಲಿಯಲ್ಲಿ ಕೂರಿಸಿ ಇಸ್ಪೀಟು ಆಡಿಸುವುದು, ರೆಪ್ಪೆ ಬಾಗಿದವರ ಬಳಿ ಕಾವಲುಗಾರ ಚಾತ್ತುಣ್ಣಿ ಜಾಗಟೆ ಬಡಿಯುವುದು, ಎಲ್ಲವೂ ನಿಮಗಿಂತ ಮೊದಲೇ ಇದ್ದದ್ದು. ನಿಮ್ಮ ಘನ ಸಂಶೋಧನೆ ಎಂದರೆ ರೋಗಿಯ ಪಥ್ಯವನ್ನು ರೋಗಿಯನ್ನು ನೋಡಿಕೊಳ್ಳುವವರ ಮೇಲೂ ಹೇರಿದ್ದು. ಹಾಗಾದರೆ ಅವರಿಗೂ ಒಂದೊಂದು ಲೋಟ ಭೇದಿಯ ಔಷಧಿ ಕುಡಿಸಿಬಿಡಿ ಸ್ವಾಮಿ, ಅದೊಂದು ಏಕೆ ಬಾಕಿ?

ಸುಭದ್ರೆಯ ಗಂಡ ಶಂಕುಣ್ಣಿ ವಾರಿಯರ್, ವಯಸ್ಸಿನಲ್ಲಿ ಹಿರಿಯರಾದ್ದರಿಂದ ನನಗೆ ಭಾವ, ದೇವಸ್ಥಾನಕ್ಕೆ ಹೂಮಾಲೆ ಕಟ್ಟುವವರು. ರಾತ್ರಿ ಮಲಗಿಸಿದರೆ ಎಂಜಲು ಗಂಟಲಿಗಿಳಿದು ಅವರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಸುಭದ್ರೆ ಬೆಳಗಿನವರೆಗೂ ಅವರ ತಲೆಯನ್ನು ತನ್ನ ತೋಳಿನ ಮೇಲಿಟ್ಟುಕೊಂಡು ಕೂರುತ್ತಾಳೆ. ನಿಮ್ಮಲ್ಲಿ ರಾತ್ರಿಪಾಳಿಯ ದಾದಿ ಇದ್ದಿದ್ದರೆ ಅವಳು ಕೂರಬೇಕಿರಲಿಲ್ಲ. ಆ ದಿನ ಊಟದ ಹೊತ್ತಿಗೆ ನಾನು ಗಂಜಿ ತಂದಾಗ ಅವಳು ಮಂಚದ ಕೆಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಭಾವ ಕಣ್ಣು ಬಿಟ್ಟುಕೊಂಡು, ದಿಂಬಿಗೊರಗಿ ಕೂತಿದ್ದರು. ಅಷ್ಟರಲ್ಲಿ ನೀವು ಬಂದಿರಿ.

"ಬಾರಿಸೋ ಚಾತ್ತುಣ್ಣಿ, ಏನು ನೋಡ್ತಾ ನಿಂತಿದೀಯ?"

"ಇವರು ರೋಗಿ ಅಲ್ಲ ಸಾರ್. ಪಾಪ, ಈಗಷ್ಟೇ ಕಣ್ಣು ಮುಚ್ಚಿದಾರೆ."

ನೀವೇ ಜಾಗಟೆ ಕಿತ್ತುಕೊಂಡು ಅವಳ ಕಿವಿಯ ಬಳಿಯೇ ಬಾರಿಸಿದಿರಿ. ಅವಳು ಗಂಡನಿಗೇನೋ ಆಯಿತೆಂದು ಚೀರುತ್ತ ಎದ್ದಳು.

"ಬೋರ್ಡಲ್ಲಿ ಏನು ಬರೆದಿದೆ? ಓದೋಕೆ ಬರಲ್ವಾ?"

"ದಿವಾಸ್ವಪ್ನ ನಿಷಿದ್ಧ ಅಂತಿದೆ ಸಾರ್. ಅವರು ಎಚ್ಚರವಾಗೇ ಇದಾರಲ್ಲ, ನೋಡಿ," ಎಂದು ಸುಭದ್ರೆ ಗಂಡನನ್ನು ತೋರಿಸಿದಳು.

"ನಿದ್ದೆ ಬೇಕಿದ್ರೆ ಮನೇಲಿ ಹೋಗಿ ಮಲಕ್ಕೊ. ಇದೇನು ಛತ್ರಾನಾ?"

ಸಂಜೆಯೊಳಗೆ ಕೋಣೆ ಖಾಲಿ ಮಾಡಿಸಿದಿರಿ.

ಮಾನ್ಯರೇ, ನಾನು ಆಯುರ್ವೇದ ಓದುವ ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತಳಾದವಳು. ಹಗಲು ನಿದ್ದೆಗೆ ದಿವಾಸ್ವಪ್ನ ಎಂದು ಹೆಸರಿಟ್ಟ ಹಿರಿಯರೇ ರಾತ್ರಿಯ ಎಚ್ಚರಕ್ಕೆ ರಾತ್ರಿಜಾಗರಣ ಎಂದೂ ಹೆಸರಿಟ್ಟಿದ್ದಾರೆ. ನಿಮ್ಮ ಬೋರ್ಡಿನಲ್ಲಿ ಎರಡನೆಯದಕ್ಕೆ ಜಾಗ ಸಾಲಲಿಲ್ಲವೇ? ಬೇಡ ಎಂದ ಬೆನ್ನಿಗೇ ಅವರು ಯಾರಿಗೆ ಬೇಕು ಎಂಬುದನ್ನೂ ಹೇಳಿದ್ದಾರೆ. ಮಕ್ಕಳು, ಮುದುಕರು, ಹೊರೆ ಹೊತ್ತು ದಣಿದವರು, ದುಃಖದಲ್ಲಿರುವವರು ಹಗಲು ಮಲಗಬಹುದು. ಸಿಟ್ಟು ಬಂದವರೂ ಮಲಗಬಹುದು, ಆ ಪ್ರಕಾರ ಈ ಪತ್ರ ಮುಗಿಸಿ ನಾನೂ ಮಲಗಬೇಕು. ರಾತ್ರಿ ನಿದ್ದೆಗೆಟ್ಟವರು ಕಳೆದುಕೊಂಡ ನಿದ್ದೆಯ ಅರ್ಧದಷ್ಟನ್ನು ಮಾರನೆಯ ದಿನ ಊಟಕ್ಕೆ ಮೊದಲು ಮಲಗಿ ತೀರಿಸಿಕೊಳ್ಳಬೇಕು ಎಂದು ಸ್ಪಷ್ಟವಾಗಿದೆ. ನನ್ನ ತಂಗಿ ಮಲಗಿದ್ದು ಊಟಕ್ಕೆ ಮೊದಲೇ. ನಾನು ತಂದ ಗಂಜಿಯ ಮುಚ್ಚಳವನ್ನೂ ಅವಳು ತೆಗೆದಿರಲಿಲ್ಲ. ನಿಮ್ಮ ಇಡೀ ವೈದ್ಯಶಾಲೆಯಲ್ಲಿ ಆ ಹೊತ್ತು ಶಾಸ್ತ್ರ ಪಾಲಿಸುತ್ತಿದ್ದವಳು ಅವಳೊಬ್ಬಳೇ, ಹೊರದಬ್ಬಿದ್ದೂ ಅವಳನ್ನೇ. ಕುರ್ಚಿಯಲ್ಲಿ ಕೂತು ತೂಕಡಿಸುವುದಕ್ಕೂ ಶಾಸ್ತ್ರದ ಅಪ್ಪಣೆಯಿದೆ. ಆದ್ದರಿಂದ ನಿಮ್ಮ ಮಧ್ಯಾಹ್ನಗಳ ಬಗ್ಗೆ ನನ್ನ ತಕರಾರೇನೂ ಇಲ್ಲ, ಗಾಬರಿಯಾಗಬೇಡಿ.

ಭಾವನ ಬಲಗೈಯ ಎರಡು ಬೆರಳು ನಿಮ್ಮ ಎಣ್ಣೆಯಿಂದಲೇ ಅಲ್ಲಾಡತೊಡಗಿದ್ದವು. ತುಳಸಿಯ ಕುಡಿಯೊಂದನ್ನು ಹಿಡಿದಿದ್ದರು. ಮನೆಗೆ ಬಂದ ಮೇಲೆ ಅವು ಮತ್ತೆ ಒಳಕ್ಕೆ ಮಡಚಿಕೊಳ್ಳುತ್ತಿವೆ, ನೋಡಲು ನನ್ನಿಂದಾಗುವುದಿಲ್ಲ. ಸುಭದ್ರೆಗೆ ಈಗ ಮನೆಯಲ್ಲೂ ಹಗಲು ಮಲಗಲು ಹೆದರಿಕೆ.

"ನಾನು ಮಲಗಿದ್ದಕ್ಕೇ ಅಲ್ವಾ ಚೇಚಿ ಇವರ ಕೈ ಹೋಗ್ತಿರೋದು?" ಎಂದು ಈ ಅಕ್ಕನನ್ನು ಕೇಳುತ್ತಾಳೆ.

ಇದನ್ನು ನೀವು ಅವಳ ತಲೆಗೆ ತುಂಬಿದ್ದೀರಿ. ನಿಮ್ಮನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಿಮ್ಮ ಕ್ಷಮಾಪಣೆಯೂ ನನಗೆ ಬೇಡ. ಭಾವನನ್ನು ಈ ವಾರವೇ ಮರಳಿ ಸೇರಿಸಿಕೊಂಡು ಚಿಕಿತ್ಸೆ ಪೂರ್ತಿ ಮಾಡಿ. ಅವರ ಮಂಚದ ಪಕ್ಕ ಸುಭದ್ರೆಗೂ ಒಂದು ಹಾಸಿಗೆ ಹಾಕಿ. ಅವಳು ಮಲಗಿದ್ದು ತಪ್ಪಲ್ಲ ಎಂದು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ. ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ, ನೀವು ವೈದ್ಯರಂತೆ.

ನಿನ್ನೆ ಮಧ್ಯಾಹ್ನ ಅವಳು ಕೂತಲ್ಲೇ ಗೋಡೆಗೊರಗಿ ನಿದ್ದೆಹೋದಳು. ಎಬ್ಬಿಸಿ ಚಾಪೆಗೆ ಕಳಿಸೋಣವೆಂದು ನಾನು ಅವಳ ಭುಜ ಮುಟ್ಟಿದೆ. ಭಾವ ಎಡಗೈ ಎತ್ತಿ ನನ್ನನ್ನು ತಡೆದರು. ತುಟಿ ಸೊಟ್ಟಗಾಗಿ, ಕಣ್ಣಲ್ಲಿ ನೀರು ಬಂದು, ಲಕ್ವ ಹೊಡೆದ ಮೇಲೆ ಮೊದಲ ಸಲ ಅವರ ಬಾಯಿಂದ ಒಂದು ಇಡೀ ಮಾತು ಹೊರಟಿತು.

"ಮಲ್ಗ್ಲಿ."

ಇಂತಿ,
ಮಧ್ಯಾಹ್ನದ ಹೊತ್ತು ತಂಗಿಯ ನಿದ್ದೆಗೆ ಕಾವಲು ಕೂತಿರುವ
ಪಾರ್ವತಿಕ್ಕುಟ್ಟಿ ವಾರಸ್ಯಾರ್